ಫುಲ್ ಸಿಗ್ನಲ್, ಅರ್ಧ ಮಾತು

ಕಳೆದ ಶನಿವಾರ ಮಧ್ಯಾಹ್ನ ನನ್ನ ತಂಗಿಯ ಮುಖ ನನ್ನ ಫೋನಿನಲ್ಲಿ ನಿಂತುಹೋಯಿತು.

ಕಣ್ಣು ಅಗಲವಾಗಿತ್ತು. ಬಾಯಿ ಅರ್ಧ ತೆರೆದಿತ್ತು. ಬಲಗೈ ಮುಖದ ಮುಂದೆ ಎದ್ದಿತ್ತು, ಅಂಗೈ ನನ್ನ ಕಡೆಗೆ. ಅವಳ ಹಿಂದೆ ಬೂದು ಬಣ್ಣದ್ದು ಏನೋ ತೇಲುತ್ತಿತ್ತು. ತೇಲುತ್ತಿತ್ತು ಅಂದೆನೇ? ಇಲ್ಲ, ಅದೂ ನಿಂತಿತ್ತು. ನಟ್ಟನಡುವೆ ಒಂದು ಬಿಳಿ ಚಕ್ರ ಮಾತ್ರ ಸುತ್ತುತ್ತಿತ್ತು. ಫೋನಿನ ಮೂಲೆಯಲ್ಲಿ 5ಜಿ ಎಂದು ಬರೆದಿತ್ತು. ಸಿಗ್ನಲ್ ಕಡ್ಡಿಗಳು ಪೂರ್ತಿ ಇದ್ದವು.

ಬೇರೆ ಯಾರ ಮುಖವಾಗಿದ್ದರೂ ನಕ್ಕುಬಿಡುತ್ತಿದ್ದೆ. ವಿಡಿಯೋ ಕಾಲ್‌ನಲ್ಲಿ ನಿಂತುಹೋದ ಮುಖಗಳು ಎಷ್ಟು ತಮಾಷೆಯಾಗಿರುತ್ತವೆ ಅಂತ ನಿಮಗೂ ಗೊತ್ತು. (ಮೀಟಿಂಗ್‌ನಲ್ಲಿ ನಮ್ಮ ದೊಡ್ಡ ಸಾಹೇಬರು ಆಕಳಿಸುವಾಗ ಹೀಗೇ ನಿಂತಿದ್ದರು. ಆ ಸ್ಕ್ರೀನ್‌ಶಾಟ್ ಇನ್ನೂ ಆಫೀಸಿನಲ್ಲಿ ಓಡಾಡುತ್ತಿದೆ.) ಕಾಲ್ ಕಟ್ ಮಾಡಿ, ಮಾಮೂಲಿ ಫೋನ್ ಹಚ್ಚಿ, "ಏನಾಯ್ತೇ?" ಅಂತ ಕೇಳಿದರಾಯಿತು.

ವಸುಧಾಳನ್ನು ಹಾಗೆ ಕೇಳುವುದಕ್ಕಾಗುವುದಿಲ್ಲ. ಅವಳಿಗೆ ಕಿವಿ ಕೇಳುವುದಿಲ್ಲ.

ತೀರ ಚಿಕ್ಕವಳಿದ್ದಾಗ ಬಂದ ಜ್ವರ ಅವಳ ಕಿವಿಯನ್ನು ತೆಗೆದುಕೊಂಡು ಹೋಯಿತು. ಆಗಷ್ಟೇ ಅಪ್ಪ ರೈಲ್ವೆ ಕೆಲಸದ ಮೇಲೆ ಮೈಸೂರಿನಿಂದ ಮದ್ರಾಸಿಗೆ ಬಂದಿದ್ದರು. ಅವಳು ಇಲ್ಲಿಯ ಶಾಲೆಯಲ್ಲಿ ಕೈಮಾತು ಕಲಿತಳು. ಅವಳಿಂದ ನಾವು ಕಲಿತೆವು. ಶಾಲೆಯಲ್ಲಿ ಇಲ್ಲದ ಸಂಜ್ಞೆಗಳನ್ನು ಮನೆಯಲ್ಲಿ ನಾವೇ ಕಟ್ಟಿಕೊಂಡೆವು. ಹುಳಿಗೆ ಒಂದು, ಅತ್ತೆಗೆ ಒಂದು, ಅತ್ತೆಯ ಸಿಡುಕಿಗೆ ಇನ್ನೊಂದು. ಬಾಯಿಂದ ಅವಳು ಹೇಳುವುದು ಒಂದೇ ಪದ: "ಆಕ್ಕ." ಅದು ನಾನು.

ಈಗ ಅವಳೂ ರೈಲ್ವೆ ಆಫೀಸಿನಲ್ಲೇ ಕೆಲಸ ಮಾಡುತ್ತಾಳೆ. ನಗರದ ಅಂಚಿನ ಪೋರೂರಿನಲ್ಲಿ, ನಮ್ಮ ಮನೆಯಲ್ಲೇ ಇರುತ್ತಾಳೆ. ಮನೆಯಲ್ಲಿ ನಾನು, ನನ್ನ ಗಂಡ, ಕಾಲೇಜಿಗೆ ಹೋಗುವ ಮಗಳು ಅನನ್ಯಾ, ಮತ್ತು ವಸು. ನಮ್ಮ ನಾಲ್ವರಲ್ಲಿ ಹೆಚ್ಚು ಮಾತಾಡುವವಳು ಅವಳೇ.

ವಿಡಿಯೋ ಕಾಲ್ ಬಂದ ಮೇಲಂತೂ ಕೇಳಲೇಬೇಡಿ. ಬಸ್ ಸ್ಟಾಪಿನಿಂದ ಕಾಲ್. ಕ್ಯಾಂಟೀನಿನಿಂದ ಕಾಲ್. ಫೋನನ್ನು ನೀರಿನ ಬಾಟಲಿಗೆ ಆನಿಸಿಟ್ಟು ಎರಡೂ ಕೈಯಲ್ಲಿ ಹರಟುತ್ತಾಳೆ. ನಮಗೆ ವಿಡಿಯೋ ಕಾಲ್ ಅಂದರೆ ಶೋಕಿ, ಅನುಕೂಲ, ಕೆಲವು ಸಲ ಕಿರಿಕಿರಿ. ಅವಳಿಗೆ ಅದು ಫೋನ್. ಅಷ್ಟೇ.

ಹಾಗಾಗಿ ನಮ್ಮ ಮನೆಗೆ 5ಜಿ ಬಂದ ದಿನ ಎಲ್ಲರಿಗಿಂತ ಹೆಚ್ಚು ಕುಣಿದವಳು ಅವಳು. ಎರಡನೆಯ ಸ್ಥಾನ ನಮ್ಮ ಮನೆಯವರದು. ಅವರಿಗೆ ಸ್ಪೀಡ್ ಟೆಸ್ಟ್ ಹುಚ್ಚು. ಹಾಲ್‌ನಲ್ಲಿ ಒಂದು ಟೆಸ್ಟ್, ಟೆರೇಸಿನಲ್ಲಿ ಒಂದು, ಪೋರೂರು ಕೆರೆಯ ದಡದಲ್ಲಿ ವಾಕಿಂಗ್ ನಿಲ್ಲಿಸಿ ಇನ್ನೊಂದು. "ನೋಡೇ, ಐನೂರು ದಾಟ್ತು!" ಅಂತ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿಯುತ್ತಾರೆ. ಐನೂರು ಏನು, ಯಾಕೆ ದಾಟಬೇಕು, ದಾಟಿದರೆ ಏನು? ನನಗೆ ಯಾವತ್ತೂ ತಿಳಿದಿರಲಿಲ್ಲ. ದಾಟಿದರೆ ಒಳ್ಳೆಯದಿರಬೇಕು ಅಂದುಕೊಂಡಿದ್ದೆ.

ಶನಿವಾರಕ್ಕೆ ಬರುತ್ತೇನೆ.

ದೀಪಾವಳಿ ಹತ್ತಿರ ಬಂದಿತ್ತು. ಈ ದಿನಗಳಲ್ಲಿ ಪುರಸೈವಾಕ್ಕಂನ ಅಂಗಡಿಬೀದಿ ಹೇಗಿರುತ್ತದೆ ಅಂತ ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ರಸ್ತೆಯಲ್ಲಿ ನಾವು ನಡೆಯುವುದಿಲ್ಲ, ಜನ ನಮ್ಮನ್ನು ತಳ್ಳಿಕೊಂಡು ಹೋಗುತ್ತಾರೆ. ವಸು ಚೂಡಿದಾರ್ ತೆಗೆಯಲು ಒಬ್ಬಳೇ ಹೋಗಿದ್ದಳು. ಅಮ್ಮನ ಕಾಲದಿಂದ ನಾವು ಬಟ್ಟೆ ತೆಗೆಯುವ ಅಂಗಡಿ. ಒಂದು ಕಾಲದಲ್ಲಿ ಒಂದೇ ಮಹಡಿಯಿದ್ದದ್ದು, ಈಗ ಮೇಲೆ ಮೇಲೆ ಬೆಳೆದು ಗಾಜಿನ ಕಟ್ಟಡವಾಗಿದೆ. ಹೆಂಗಸರ ವಿಭಾಗ ಮೂರನೆಯ ಮಹಡಿಯಲ್ಲಿ. ಅಲ್ಲಿಂದಲೇ ಅವಳು ನನಗೆ ಎರಡು ಚೂಡಿದಾರಿನ ಫೋಟೋ ಕಳಿಸಿದ್ದಳು. ಹಸಿರೋ, ನೇರಳೆಯೋ? ನಾನು ನೇರಳೆ ಎಂದು ಬರೆದೆ. ಹಾಕಿ ನೋಡುತ್ತೇನೆ ಎಂದು ಬರೆದಳು.

ಆಮೇಲೆ ಆ ಕಾಲ್ ಬಂತು. ಎತ್ತಿದೆ. ಮುಖ ಬಂತು, ಕೈ ಎದ್ದಿತು. "ಆಕ್—" ಅಂತ ಸದ್ದು ಬಂತು. ನಿಂತಿತು.

ಆ ಕೈ ಏನು ಹೇಳುತ್ತಿತ್ತು?

ನಮ್ಮ ಮನೆಯ ಸಂಜ್ಞೆಗಳಲ್ಲಿ ಅಂಗೈಯನ್ನು ಹಾಗೆ ಎತ್ತಿ ಹಿಡಿಯುವುದು ಎರಡು ಮಾತಿನ ಆರಂಭ. ಎತ್ತಿದ ಕೈಯನ್ನು ಮುಷ್ಟಿ ಮಾಡಿ ಎದೆಗೆ ಎಳೆದುಕೊಂಡರೆ, ಬಂದು ನನ್ನನ್ನು ಕರ್ಕೊಂಡು ಹೋಗು ಅಂತ. ಚಿಕ್ಕವಳಿದ್ದಾಗ ಕತ್ತಲೆಗೆ ಹೆದರಿದಾಗಲೆಲ್ಲ ಅವಳು ಮಾಡುತ್ತಿದ್ದದ್ದು ಅದನ್ನೇ. ಅದೇ ಕೈಯನ್ನು ಮುಂದಕ್ಕೆ ತಳ್ಳಿದರೆ, ಬೇಡ, ನೀನು ಬರಬೇಡ ಅಂತ. ಎರಡಕ್ಕೂ ಶುರು ಒಂದೇ. ನನಗೆ ಸಿಕ್ಕಿದ್ದು ಶುರು ಮಾತ್ರ.

ನನ್ನ ಮನಸ್ಸು ಯಾವುದನ್ನು ಓದಿಕೊಂಡಿತು ಅಂತ ಹೇಳಬೇಕೆ?

ಕಾಲ್ ತಾನಾಗಿಯೇ ಕಟ್ ಆಯಿತು. ಮತ್ತೆ ಮಾಡಿದೆ. ಕನೆಕ್ಟಿಂಗ್. ಮತ್ತೆ ಮಾಡಿದೆ. ಕನೆಕ್ಟಿಂಗ್. "ಏನಾಯ್ತು?" ಅಂತ ಮೆಸೇಜ್ ಹಾಕಿದೆ. ಒಂದೇ ಟಿಕ್. ಅನನ್ಯಾ ರೂಮಿನಿಂದ ಓಡಿ ಬಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. "ಅಮ್ಮಾ, ಟೆನ್ಶನ್ ಆಗಾದ. ನಾನ್ ಟ್ರೈ ಪಣ್ಣರೇನ್," ಅಂತ ನನಗೆ ಸಮಾಧಾನ ಹೇಳಿ ತನ್ನ ಫೋನಿನಿಂದ ಪ್ರಯತ್ನಿಸಿದಳು. ಅವಳಿಗೂ ಅದೇ ಬಿಳಿ ಚಕ್ರ.

"ಟವರ್ ಪ್ರಾಬ್ಲಮ್ ಇರ್ಬೇಕು ಕಣೇ. ಅಲ್ಲಿ ಜನ ಜಾಸ್ತಿ ಅಲ್ವಾ," ಅಂದರು ಇವರು.

"ರೀ, ಅವಳ ಹಿಂದೆ ಹೊಗೆ ಇತ್ತು."

"ಹೊಗೆ ಅಲ್ಲ, ಕ್ಲಾರಿಟಿ ಇರ್ಲಿಲ್ಲ. ನೆಟ್ ಸ್ಲೋ ಆದ್ರೆ ಹಾಗೇ ಮಸುಕು ಮಸುಕಾಗಿ ಕಾಣತ್ತೆ."

ಅದನ್ನೇ ನಂಬಬೇಕು ಅನ್ನಿಸಿತು. ನಂಬಿಯೂ ಬಿಡುತ್ತಿದ್ದೆ. ಅಷ್ಟರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಯಾರೋ ಒಂದು ವಿಡಿಯೋ ಹಾಕಿದರು. ಪುರಸೈವಾಕ್ಕಂ ಕಡೆ ಹೋಗಬೇಡಿ, ಬೆಂಕಿ, ಟ್ರಾಫಿಕ್ ಜಾಮ್ ಅಂತ ಕೆಳಗೆ ಬರೆದಿತ್ತು.

ಒತ್ತಿದ ತಕ್ಷಣ ತೆರೆದುಕೊಂಡಿತು. ಒಂದು ಕ್ಷಣವೂ ತಡೆಯಲಿಲ್ಲ. ನಮ್ಮ ಹಾಲ್‌ನ 5ಜಿ ಅಂದರೆ ಸುಮ್ಮನೆಯೇ?

ಎಂಥ ಸ್ಪಷ್ಟವಾದ ವಿಡಿಯೋ ಅದು! ಅಂಗಡಿಯ ಹೆಸರಿನ ಒಂದೊಂದು ಅಕ್ಷರವೂ ಕಾಣುತ್ತಿತ್ತು. ನಮ್ಮ ಅಂಗಡಿಯೇ. ಮೇಲಿನ ಕಿಟಕಿಯಿಂದ ಕರೀ ಹೊಗೆ ಸುತ್ತಿ ಸುತ್ತಿ ಬರುತ್ತಿತ್ತು. ಕೆಳಗೆ ರಸ್ತೆ ತುಂಬ ಜನ. ಎಲ್ಲರ ಕೈಯೂ ಮೇಲೆ, ಎಲ್ಲರ ಕೈಯಲ್ಲೂ ಫೋನ್. ಆ ವಿಡಿಯೋ ತೆಗೆದವನ ಫೋನ್ ಬೇರೆ ಫೋನುಗಳ ವಿಡಿಯೋ ತೆಗೆಯುತ್ತಿತ್ತು.

ಕುರ್ಚಿ ಇಲ್ಲದ ಕಡೆ ಕೂತುಬಿಟ್ಟೆ.

ಆಗ ನನ್ನ ತಲೆಯಲ್ಲಿದ್ದದ್ದು ಒಂದೇ ಯೋಚನೆ. ಇಂಥ ಅಂಗಡಿಗಳಲ್ಲಿ ಬೆಂಕಿ ಬಿದ್ದರೆ ಏನು ಮಾಡುತ್ತಾರೆ? ಗಂಟೆ ಬಾರಿಸುತ್ತಾರೆ. ಮೈಕಿನಲ್ಲಿ ಕೂಗುತ್ತಾರೆ. ಎಲ್ಲರೂ ಹೊರಗೆ ಬನ್ನಿ ಅನ್ನುತ್ತಾರೆ. ಟ್ರಯಲ್ ರೂಮಿನ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ನೇರಳೆ ಚೂಡಿದಾರ್ ಸರಿ ಮಾಡಿಕೊಳ್ಳುತ್ತಿರುವವಳಿಗೆ ಇದರಲ್ಲಿ ಯಾವುದು ತಲುಪುತ್ತದೆ?

ಇವರು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಕ್ಯಾಬ್ ತಕ್ಷಣ ಸಿಕ್ಕಿತು. ಆದರೆ ಪೋರೂರಿನಿಂದ ಪುರಸೈವಾಕ್ಕಂಗೆ, ಅದೂ ದೀಪಾವಳಿ ಶನಿವಾರ, ಎಷ್ಟು ಹೊತ್ತಿಗೆ ಮುಟ್ಟುವುದು? ನಾನು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದೆ. ಗಾಡಿ ಹೊರಟಿದೆ, ಜನದ ಮಧ್ಯೆ ಸಿಕ್ಕಿಕೊಂಡಿದೆ ಅಂದರು.

ಉಪಾಯ ಹೊಳೆದದ್ದು ಅನನ್ಯಾಗೆ. ಅಡುಗೆಮನೆಗೆ ಹೋಗಿ, ಈರುಳ್ಳಿ ತುಂಬಿ ಮೊಳೆಗೆ ತೂಗುಹಾಕಿದ್ದ ಹಳದಿ ಬಟ್ಟೆಚೀಲವನ್ನು ಕಿತ್ತುಕೊಂಡು ಬಂದಳು. ಈರುಳ್ಳಿ ಹಾಲ್ ತುಂಬ ಉರುಳಿದವು. ಚೀಲದ ಮೇಲೆ ಅಂಗಡಿಯ ಹೆಸರು. ಅದರ ಕೆಳಗೆ ಲ್ಯಾಂಡ್‌ಲೈನ್ ನಂಬರ್.

ಈ ಕಾಲದಲ್ಲಿ ಯಾರು ಎತ್ತುತ್ತಾರೆ? ಬೆಂಕಿ ಬಿದ್ದಿರುವ ಅಂಗಡಿಯಲ್ಲಿ ಯಾರಿರುತ್ತಾರೆ?

ರಿಂಗ್ ಆಯಿತು. ಆಗುತ್ತಲೇ ಇತ್ತು. ನಿಂತಿತು. ಮತ್ತೆ ಮಾಡಿದೆ. ಈ ಸಲ ಯಾರೋ ಎತ್ತಿದರು. ವಯಸ್ಸಾದವರ ದನಿ, ಏದುಸಿರು. ಗಲ್ಲಾದಲ್ಲಿ ಕೂರುವವರಂತೆ. ಎಲ್ಲರೂ ಹೊರಗೆ ಓಡಿದರೂ ಗಲ್ಲಾ ಬಿಟ್ಟು ಹೋಗಲು ಅವರಿಗೆ ಮನಸ್ಸು ಬಂದಿರಲಿಲ್ಲ. (ಇದು ಧೈರ್ಯವೋ ಮೂರ್ಖತನವೋ ನಾನು ಹೇಳಲಾರೆ. ಅವತ್ತು ಅವರ ಕಾಲಿಗೆ ಬೀಳುತ್ತಿದ್ದೆ.)

ಮೂರನೆಯ ಮಹಡಿಯಲ್ಲಿ ನನ್ನ ತಂಗಿ ಇದ್ದಾಳೆ ಅಂತ ಅರಚಿದೆ.

"ಯಾರುಂ ಇಲ್ಲಮ್ಮಾ. ಮೈಕ್‌ಲ ಸೊಲ್ಲಿಟ್ಟೋಂ. ಎಲ್ಲಾರುಂ ಕೀಳ ವಂದುಟ್ಟಾಂಗ," ಅಂದರು. ಮೈಕಿನಲ್ಲಿ ಹೇಳಿಯಾಗಿದೆ, ಎಲ್ಲರೂ ಕೆಳಗೆ ಬಂದಾಗಿದೆ.

"ಸಾರ್, ಅವಳುಕ್ಕು ಕಾದು ಕೇಕ್ಕಾದು!"

ಅವಳಿಗೆ ಕಿವಿ ಕೇಳುವುದಿಲ್ಲ. ಈ ಮಾತನ್ನು ಜೀವನದಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ. ಸ್ಕೂಲಿನಲ್ಲಿ, ಬ್ಯಾಂಕಿನಲ್ಲಿ, ಹೆಣ್ಣು ನೋಡಲು ಬಂದವರಿಗೆ. ಹೀಗೆ ಕಿರುಚಿ ಹೇಳಿದ್ದು ಅದೇ ಮೊದಲು.

ಆ ಕಡೆ ರಿಸೀವರನ್ನು ಮೇಜಿನ ಮೇಲೆ ಇಟ್ಟ ಸದ್ದು. ಅವರು ಯಾರನ್ನೋ ಕೂಗುತ್ತಿದ್ದರು: "ಸೆಲ್ವೀ! ಟ್ರಯಲ್ ರೂಮ್ ಪಾತ್ತಿಯಾ? ಸೆಲ್ವೀ!"

ಟ್ರಯಲ್ ರೂಮ್ ನೋಡಿದೆಯಾ? ಸೆಲ್ವಿ ಏನು ಉತ್ತರ ಕೊಟ್ಟಳೋ ನನಗೆ ಕೇಳಲಿಲ್ಲ.

ಉಳಿದದ್ದೆಲ್ಲ ಕೇಳಿತು. ಇಟ್ಟುಹೋದ ರಿಸೀವರಿನಿಂದ ಆ ಅಂಗಡಿಯ ಪೂರ್ತಿ ಸದ್ದು ನನ್ನ ಕಿವಿಗೆ ಬರುತ್ತಿತ್ತು. ಓಡುವ ಕಾಲುಗಳು. ಎಲ್ಲೋ ಗಾಜು ಒಡೆದದ್ದು. ಒಂದೇ ಸಮನೆ ಹೊಡೆದುಕೊಳ್ಳುತ್ತಿದ್ದ ಗಂಟೆ. ನಗರದ ಈ ತುದಿಯಲ್ಲಿ ಕೂತ ನನಗೆ ಆ ಗಂಟೆ ಕೇಳುತ್ತಿತ್ತು. ಅದರ ಕೆಳಗೇ ನಿಂತವಳಿಗೆ ಕೇಳುತ್ತಿರಲಿಲ್ಲ.

ಆಮೇಲೆ ಲೈನ್ ಕಟ್ ಆಯಿತು.

ಎಷ್ಟು ಹೊತ್ತು ಕೂತಿದ್ದೆವೋ ಗೊತ್ತಿಲ್ಲ. ಅನನ್ಯಾ ನನ್ನ ಕೈ ಹಿಡಿದುಕೊಂಡಿದ್ದಳು. ಇವರು ದಾರಿಯಿಂದ ಫೋನ್ ಮಾಡಿದರು. ಗಾಡಿ ಅಲ್ಲಾಡುತ್ತಿಲ್ಲ, ಇಳಿದು ನಡೆಯುತ್ತೇನೆ ಅಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರ ಅಂಥ ದನಿ ನಾನು ಕೇಳಿರಲಿಲ್ಲ.

ಆಗ ನನ್ನ ಫೋನ್ ಟಣ್ ಅಂದಿತು. ಟಣ್, ಟಣ್, ಟಣ್. ವಸುವಿನ ಮೆಸೇಜುಗಳು, ಒಂದರ ಮೇಲೊಂದು.

ಅಕ್ಕ ಹೊಗೆ.

ಯಾರೂ ಇಲ್ಲ.

ಲೈಟ್ ಹೋಯ್ತು.

ಮೆಟ್ಟಿಲು ಎಲ್ಲಿ?

ಅಕ್ಕ.

ಅಕ್ಕ ಎಲ್ಲಿದೀಯ?

ಅಷ್ಟೇ. ಅದಾದ ಮೇಲೆ ಏನೂ ಇಲ್ಲ.

ನಾನು ಚೀರಿದೆ ಅಂತ ಅನನ್ಯಾ ಆಮೇಲೆ ಹೇಳಿದಳು. ನನಗೆ ನೆನಪಿಲ್ಲ. ನೆನಪಿರುವುದು ನನ್ನ ಬೆರಳು. ಇಲ್ಲೇ ಇದೀನಿ, ಇಲ್ಲೇ ಇದೀನಿ, ಗೋಡೆ ಹಿಡ್ಕೋ, ಬಗ್ಗಿ ನಡಿ ಅಂತ ಟೈಪ್ ಮಾಡುತ್ತಿದ್ದ ಬೆರಳು ಅಕ್ಷರಗಳನ್ನೆಲ್ಲ ತಪ್ಪು ತಪ್ಪು ಒತ್ತುತ್ತಿತ್ತು. ಅವಳು ಕತ್ತಲೆಯಲ್ಲಿ ಮೆಟ್ಟಿಲು ಹುಡುಕುತ್ತಿದ್ದಾಳೆ, ನನ್ನನ್ನು ಕರೆಯುತ್ತಿದ್ದಾಳೆ, ನಾನು ಹಾಲ್‌ನಲ್ಲಿ ಈರುಳ್ಳಿಗಳ ಮಧ್ಯೆ ಕೂತಿದ್ದೇನೆ. ಅದಕ್ಕಿಂತ ದೊಡ್ಡ ಭಯವನ್ನು ನಾನು ಕಂಡಿಲ್ಲ. ಕಾಣುವುದೂ ಬೇಡ.

ಈಗ ಕೇಳಿ. ಆ ಹೊತ್ತಿಗೆ ವಸು ರಸ್ತೆಯ ಆಚೆ ಬದಿಯ ಜ್ಯೂಸ್ ಅಂಗಡಿಯ ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಿದ್ದಳು.

ಹೌದು. ಹೊರಗೆ ಬಂದಾಗಿತ್ತು. ಒಳಗಿದ್ದಾಗ ಬರೆದ ಮೆಸೇಜುಗಳು ಒಳಗೇ ಸಿಕ್ಕಿಕೊಂಡಿದ್ದವು. ಅವಳು ಹೊರಗೆ ಬಂದು, ಜನಜಂಗುಳಿಯಿಂದ ಒಂದಿಷ್ಟು ದೂರ ಸರಿದ ಮೇಲೆ ಅವಕ್ಕೂ ದಾರಿ ಸಿಕ್ಕಿತು. ಅವಳು ಬದುಕಿ ಬಂದ ಗಳಿಗೆಯಲ್ಲೇ ನಾನು ಅವಳನ್ನು ಕಳೆದುಕೊಳ್ಳುತ್ತಿದ್ದೆ.

ವಿಡಿಯೋ ಕಾಲ್ ಬಂತು. ಮುಖದ ತುಂಬ ಮಸಿ. ಮೂಗಿನಿಂದ, ಕಣ್ಣಿನಿಂದ ನೀರು. ಮೈಮೇಲೆ ಬೆಲೆಚೀಟಿ ನೇತಾಡುತ್ತಿದ್ದ ನೇರಳೆ ಚೂಡಿದಾರ್. ಪಕ್ಕದಲ್ಲಿ ಅಂಗಡಿಯ ಯೂನಿಫಾರ್ಮ್ ಸೀರೆಯ ಒಬ್ಬ ಹೆಂಗಸು ಕೆಮ್ಮುತ್ತ ವಸುವಿನ ಫೋನನ್ನು ಹಿಡಿದುಕೊಂಡಿದ್ದಳು, ವಸುವಿನ ಎರಡೂ ಕೈ ಮಾತಿಗೆ ಬಿಡುವಾಗಲಿ ಅಂತ. ಸೆಲ್ವಿ ಅವಳೇ.

ವಸುವಿನ ಕೈ ಮೊದಲು ಹೇಳಿದ್ದು: ನೀನ್ಯಾಕೆ ಅಳ್ತಿದೀಯ?

ನಡೆದದ್ದು ಹೀಗೆ. ಅವಳು ಬಾಗಿಲು ತೆರೆದು ಹೊರಗೆ ಬಂದಾಗ ಮಹಡಿಯಲ್ಲಿ ಒಬ್ಬರೂ ಇರಲಿಲ್ಲ. ಕೌಂಟರಿನ ಮೇಲೆ ಬಿಚ್ಚಿದ ಬಟ್ಟೆಗಳು ಬಿಚ್ಚಿದಂತೆಯೇ ಇದ್ದವು. ಮೂಲೆಯ ಎಸಿಯಿಂದ ಹೊಗೆ. ನನಗೆ ಕಾಲ್ ಮಾಡಿದಳು. ಲೈಟ್ ಹೋಯಿತು. ಫೋನಿನ ಟಾರ್ಚ್ ಹಾಕಿಕೊಂಡಳು. ಆದರೆ ಒಂದು ಕೈಯಲ್ಲಿ ಟಾರ್ಚ್ ಹಿಡಿದರೆ ಮಾತಿಗೆ ಉಳಿಯುವುದು ಇನ್ನೊಂದೇ ಕೈ. ಕತ್ತಲೆಯಲ್ಲಿ ಆ ಕೈಯನ್ನು ನೋಡುವವರು ಯಾರು? ಅವಳಿಗೆ ಕಿವಿ ಮೊದಲೇ ಇರಲಿಲ್ಲ, ಆಗ ಬಾಯಿಯೂ ಹೋಯಿತು.

ಹೊಗೆಯಲ್ಲಿ ದಿಕ್ಕು ತಪ್ಪಿ ಅವಳು ಮೆಟ್ಟಿಲಿನ ಕಡೆಗೆ ಹೋಗುವ ಬದಲು ಗೋಡೌನಿನ ಕಡೆಗೆ ಹೋಗುತ್ತಿದ್ದಳಂತೆ. ಸೆಲ್ವಿ ಒದ್ದೆ ಟವಲನ್ನು ಮುಖಕ್ಕೆ ಕಟ್ಟಿಕೊಂಡು ಮೇಲೆ ಓಡಿದಾಗ ಕಂಡದ್ದು ದೂರ ಹೋಗುತ್ತಿದ್ದ ಆ ಟಾರ್ಚಿನ ಬೆಳಕು. ಕೂಗಿದಳು. ಬೆಳಕು ನಿಲ್ಲಲಿಲ್ಲ. ಓಡಿಹೋಗಿ ಭುಜ ಹಿಡಿದು ಎಳೆದಳು. ಹೆದರಿದ ವಸು ಅವಳಿಗೆ ಹೊಡೆದೇಬಿಟ್ಟಳಂತೆ. ಇಬ್ಬರೂ ಬಗ್ಗಿಕೊಂಡು, ಕೈ ಬಿಡದೆ ಕೆಳಗೆ ಬಂದರು. ನಡೆದು ತಲುಪಿದ ಇವರು ವಸುವನ್ನು ಮನೆಗೆ ಕರೆತಂದರು.

ಪ್ರಾಣಹಾನಿ ಆಗಲಿಲ್ಲ. ಪೇಪರಿನಲ್ಲಿ ನಾಲ್ಕು ಸಾಲು ಬಂತು.

ಆ ನಿಂತುಹೋದ ಕೈಯ ಬಗ್ಗೆ ನಾನು ಕೇಳಿದೆ. ವಸು ಅಂಗೈ ಎತ್ತಿದಳು, ಮುಂದಕ್ಕೆ ತಳ್ಳಿದಳು. ಬೇಡ, ನೀನು ಬರಬೇಡ, ನಾನೇ ಕೆಳಗೆ ಹೋಗ್ತೀನಿ. ಅವಳು ಹೇಳುತ್ತಿದ್ದದ್ದು ಧೈರ್ಯದ ಮಾತು. ನನಗೆ ತಲುಪಿದ್ದು ಆರ್ತನಾದ. ಅವಳು ನಿಜವಾಗಿ ಹೆದರಿ "ಅಕ್ಕ ಎಲ್ಲಿದೀಯ" ಎಂದಾಗ ನನಗೆ ಏನೂ ತಲುಪಲಿಲ್ಲ.

ನಮ್ಮ ಮೇಲಿನ ಫ್ಲಾಟಿನಲ್ಲಿ ನಿತ್ಯಾ ಅಂತ ಒಬ್ಬ ಹುಡುಗಿ ಇದ್ದಾಳೆ. ಯಾವುದೋ ಮೊಬೈಲ್ ಕಂಪನಿಯಲ್ಲಿ ನೆಟ್‌ವರ್ಕ್ ಎಂಜಿನಿಯರ್. ಮರುದಿನ ವಸುವನ್ನು ನೋಡಲು ಬಂದಾಗ ಕೇಳಿದೆ. 5ಜಿ ಅಂತ ಬರೆದಿತ್ತಲ್ಲಮ್ಮಾ, ಕಡ್ಡಿ ಎಲ್ಲ ಇದ್ದವಲ್ಲ, ಮತ್ತೆ ಯಾಕೆ?

"ಆಂಟಿ, ಅದು ನಿಮ್ಮ ಫೋನ್ ಸಿಗ್ನಲ್. ಅವರದಲ್ಲ," ಅಂತ ಇಂಗ್ಲಿಷು ತಮಿಳು ಬೆರೆಸಿ ಹೇಳಿದಳು.

ಇಷ್ಟು ಸರಳವಾದ ಮಾತು ನನಗೆ ಹೊಳೆದೇ ಇರಲಿಲ್ಲ! ಆಮೇಲೆ ಅವಳು ವಿವರಿಸಿದ್ದು ನನಗೆ ಅರ್ಥವಾದಷ್ಟು ಇದು. 5ಜಿಯ ವೇಗದ ಅಲೆಗಳು ದಪ್ಪ ಗೋಡೆ, ಲೋಹ ಹಚ್ಚಿದ ಗಾಜು ದಾಟಿ ಒಳಗೆ ಹೋಗುವಷ್ಟರಲ್ಲಿ ಸುಸ್ತಾಗುತ್ತವೆ. ಟವರಿನ ವೇಗ ಒಬ್ಬರಿಗಲ್ಲ, ಅಲ್ಲಿರುವ ಎಲ್ಲರಿಗೂ ಹಂಚಿಕೆ. ಎಲ್ಲಕ್ಕಿಂತ ಮುಖ್ಯವಾಗಿ, ನಮಗೆ ಬರುವುದಕ್ಕೆ ಅವರು ಅಗಲ ರಸ್ತೆ ಬಿಟ್ಟಿರುತ್ತಾರೆ, ನಮ್ಮಿಂದ ಹೋಗುವುದಕ್ಕೆ ಓಣಿ. ಯಾಕೆಂದರೆ ಹೆಚ್ಚಿನವರು ನೋಡುತ್ತಾರೆ, ಕಳಿಸುವವರು ಕಡಿಮೆ. ಇವರು ಹಿಗ್ಗುತ್ತಿದ್ದ ಐನೂರು ಬರುವ ವೇಗ. ಹೋಗುವ ವೇಗ ಅದರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿತ್ತಂತೆ. ಅವರು ಯಾವತ್ತೂ ನೋಡಿರಲಿಲ್ಲ.

ಶನಿವಾರ ಆ ಓಣಿಯಲ್ಲಿ ಏನಾಗಿತ್ತು? ಹೊರಗೆ ನಿಂತ ಅಷ್ಟೂ ಜನ ಹೊಗೆಯ ವಿಡಿಯೋವನ್ನು ಒಟ್ಟಿಗೆ ಕಳಿಸುತ್ತಿದ್ದರು. ಕೆಲವರು ಲೈವ್. ಅದೇ ಓಣಿಯಲ್ಲಿ, ಅವರೆಲ್ಲರ ಹಿಂದೆ, ಗೋಡೆಯ ಒಳಗಿನಿಂದ, ನನ್ನ ತಂಗಿಯ ಒಂದು ಕೈ ಬರಬೇಕಾಗಿತ್ತು.

ಖಂಡಿತ ಅದೇ ಕಾರಣವಾ ಅಂತ ಕೇಳಿದೆ. ಇರಬಹುದು ಆಂಟಿ, ಟವರಿನ ದಾಖಲೆ, ಅಂದರೆ ಲಾಗ್, ನೋಡದೆ ಹೇಳಲಾಗುವುದಿಲ್ಲ ಅಂದಳು. ಇರಬಹುದು ಅನ್ನುವುದೇ ನನಗೆ ಸಾಕಾಗಿದೆ.

ಹೊರಗೆ ನಿಂತವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ಏನು ಗೊತ್ತಿತ್ತು? ಅವರ ವಿಡಿಯೋ ನೋಡಿಯೇ ಅಲ್ಲವೆ ನನಗೆ ಹೊಗೆ ನಿಜ ಅಂತ ತಿಳಿದದ್ದು? ಆದರೂ ಒಂದು ಸಿನಿಮಾ ಎಷ್ಟು ಬೇಗ ಫೋನಿಗೆ ಇಳಿಯುತ್ತದೆ ಅಂತ ಜಾಹೀರಾತಿನಲ್ಲಿ ತೋರಿಸುತ್ತಾರೆ. "ಮೆಟ್ಟಿಲು ಎಲ್ಲಿ?" ಅನ್ನುವ ಎರಡು ಪದ ಹೊರಡಲು ಎಷ್ಟು ಹೊತ್ತು ಬೇಕು ಅಂತ ಯಾರು ತೋರಿಸುತ್ತಾರೆ?

ಸೋಮವಾರ ವಸು ಆಫೀಸಿಗೆ ಹೋದಳು. ಬೇಡ ಅಂದೆ, ಕೇಳಲಿಲ್ಲ. ಬಸ್ ಸ್ಟಾಪಿನಿಂದ ಕಾಲ್ ಮಾಡಿದಳು. ಮಾತಿನ ಮಧ್ಯೆ ಒಂದು ಸಲ ಬಿಳಿ ಚಕ್ರ ಸುತ್ತಿತು. ಒಂದೇ ಉಸಿರಿನಷ್ಟು ಹೊತ್ತು. ಕಾಫಿ ಲೋಟ ಕೆಳಗಿಟ್ಟು, ಅವಳ ಹಿಂದೆ ಬೂದು ಬಣ್ಣ ಏನಾದರೂ ಇದೆಯೇ ಅಂತ ಹುಡುಕಿದೆ. ಆಫೀಸಿನಲ್ಲಿ ಯಾರದೋ ಫೋನು ಟಣ್ ಟಣ್ ಅಂದರೂ ನನ್ನ ಫೋನನ್ನು ತೆಗೆದು ನೋಡುತ್ತೇನೆ. ಈಗ ಅವಳಿಂದ ಮೆಸೇಜ್ ಬಂದರೆ ಮೊದಲು ಓದುವುದು ಮಾತನ್ನಲ್ಲ. ಅದು ಯಾವಾಗ ಬರೆದದ್ದು? ಈಗ ಅವಳು ಎಲ್ಲಿದ್ದಾಳೆ?

ಅವಳು ನನ್ನಷ್ಟು ಹೆದರಿಲ್ಲ. ಅಥವಾ ತೋರಿಸಿಕೊಳ್ಳುವುದಿಲ್ಲ. ಆಫೀಸ್ ಮುಗಿಸಿ ಪ್ಯಾರೀಸ್ ಕಾರ್ನರಿಗೆ ಹೋಗಿ, ಸಗಟು ಅಂಗಡಿಗಳ ಗಲ್ಲಿಯಲ್ಲಿ ಹುಡುಕಿ, ಪಿಟಿ ಮೇಷ್ಟ್ರು ಊದುವಂಥ ಸೀಟಿ ತಂದಳು. ಒಂದೇ ಒಂದು ಕೊಡುವುದಿಲ್ಲ ಅಂದರಂತೆ. ಒಂದು ಡಬ್ಬಿಯನ್ನೇ ತಂದಿದ್ದಾಳೆ. ಒಂದು ಸೆಲ್ವಿಗೆ ಹೋಯಿತು. ಒಂದನ್ನು ದಾರಕ್ಕೆ ಕಟ್ಟಿ ತನ್ನ ಕೊರಳಿಗೆ ಹಾಕಿಕೊಂಡು, ಹಾಲ್‌ನ ಮಧ್ಯೆ ನಿಂತು, ಕೆನ್ನೆ ಉಬ್ಬಿಸಿ ಊದಿದಳು. ನಾನು ಕಿವಿ ಮುಚ್ಚಿಕೊಂಡೆ. ಅನನ್ಯಾ ಬೆಚ್ಚಿಬಿದ್ದಳು. ಮೇಲಿನ ಫ್ಲಾಟಿನಿಂದ ನಿತ್ಯಾ ಓಡಿಬಂದಳು. ತನ್ನ ಸದ್ದು ಎಷ್ಟು ದೊಡ್ಡದು ಅಂತ ವಸು ನಮ್ಮ ಮುಖಗಳನ್ನು ನೋಡಿ ತಿಳಿದುಕೊಂಡಳು. ಸಮಾಧಾನದಿಂದ ತಲೆಯಾಡಿಸಿದಳು.

ಡಬ್ಬಿಯಲ್ಲಿ ಇನ್ನೂ ಕೆಲವು ಉಳಿದಿವೆ, ನಿಮಗೂ ಒಂದು ಬೇಕೆ?